ರಾಬರ್ಟ್ ಬ್ರೂಸ್ ಫೂಟ್: ಕಲ್ಲನ್ನು ಓದಿದ ಬದುಕು

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅಂದಿನ ಸೇಲಂ ಜಿಲ್ಲೆಯ ಶಿಲಾರಚನೆಯನ್ನು ಅಭ್ಯಸಿಸಿದರು. ಅದಿಯಮಾನ್‌ಕೋಟೆಯಿರುವ ಧರ್ಮಪುರಿ ಸೀಮೆಯೂ ಆಗ ಆ ಜಿಲ್ಲೆಗೇ ಸೇರಿತ್ತು.

1863ರಲ್ಲಿ ಪಲ್ಲಾವರದಲ್ಲಿ ಅವರಿಗೆ ದೊರೆತ ಕಲ್ಲಿನ ಕೈಗೊಡಲಿಯು ಭಾರತದ ಶಿಲಾಯುಗದ ಅಧ್ಯಯನಕ್ಕೆ ನಾಂದಿಯಾಯಿತು. ಗೋಕಾಕದ ಬಳಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ವರ್ಣಿಸಿ, ಆ ಪ್ರಾಣಿಗೆ ದಖ್ಖನ್ನಿನ ಹೆಸರನ್ನೇ ಇಟ್ಟರು. ಇಂದು ಖಡ್ಗಮೃಗವನ್ನು ಚಿತ್ರದಲ್ಲಷ್ಟೇ ಕಾಣುವ ಆ ಸೀಮೆಯ ಮಕ್ಕಳಿಗೆ, ಒಮ್ಮೆ ಅದು ತಮ್ಮೂರ ನೆಲದಲ್ಲಿಯೇ ಮೇಯುತ್ತಿತ್ತೆಂದು ತಿಳಿಸಿದವು ಆ ಎಲುಬುಗಳು.

ಫೂಟ್ ಅವರು ಕಂಡುದನ್ನು ಬರೆದಿಡುವುದಷ್ಟೇ ಅಲ್ಲದೆ ಚಿತ್ರಿಸಿಯೂ ಇಡುತ್ತಿದ್ದರು. ಹಸಿಮಣ್ಣಿಗೆ ಎಲೆಯನ್ನೋ ಚಿಪ್ಪನ್ನೋ ಒತ್ತಿ ತೆಗೆಯುವ ಮಗು, ಜೀವ ಅಳಿದರೂ ಅಚ್ಚು ಉಳಿಯುವ ಬಗೆಯನ್ನು ಕೈಯಿಂದಲೇ ಅರಿಯುತ್ತದೆ. ಅವರ ವಿದ್ವತ್ತು ಬೆಳೆದುದೂ ಇದೇ ದಾರಿಯಲ್ಲಿ: ಮೊದಲು ಮುಟ್ಟುವುದು, ಬಳಿಕ ಚಿತ್ರಿಸುವುದು, ಕೊನೆಗೆ ಹೆಸರಿಡುವುದು.

1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ. ಜೀವಮಾನವೆಲ್ಲ ಕೂಡಿಸಿದ ಸಂಗ್ರಹವು ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1912ರಲ್ಲಿ ಅವರು ನಿಧನರಾದರು. ಸೇಲಂ ಸಮೀಪದ ಯೇರ್ಕಾಡ್ ಬೆಟ್ಟದ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಕಲ್ಲನ್ನು ಓದಿದವರ ಹೆಸರು ಈಗ ಕಲ್ಲಿನಲ್ಲಿ ಉಳಿದಿದೆ.