ಲೇಖನಿಗೆ ಬಾದಶಹ ಪದವಿ ಕೊಟ್ಟ ಸುಲ್ತಾನ

ಕೊಡಗಿನ ಶಾಲೆಗಳಿಂದ ವಿಜಯಪುರಕ್ಕೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಗೋಳಗುಮ್ಮಟದ ಪ್ರತಿಧ್ವನಿ ಕೇಳದೆ ಮರಳುವುದಿಲ್ಲ. ಅದೇ ಊರಿನ ಇಬ್ರಾಹೀಂ ರೋಜಾದ ಮುಂದೆ ಸ್ವಲ್ಪ ಹೊತ್ತು ನಿಲ್ಲುವವರು ಮಾತ್ರ ಕಡಿಮೆ. ಅಕ್ಷರವನ್ನು ಪ್ರೀತಿಸಿದ ಒಬ್ಬ ಸುಲ್ತಾನ ಅಲ್ಲಿ ಮಲಗಿದ್ದಾನೆ.

ಎರಡನೇ ಇಬ್ರಾಹೀಂ ಆದಿಲ್ ಶಾಹ್ 1580ರಲ್ಲಿ ಪಟ್ಟಕ್ಕೆ ಬಂದಾಗ ಸುಮಾರು ಒಂಬತ್ತು ವರ್ಷದ ಬಾಲಕ. ಹಿಂದಿನ ಸುಲ್ತಾನನ ವಿಧವೆ ಚಾಂದ್ ಬೀಬಿ ಅವನ ಪರವಾಗಿ ರಾಜ್ಯಭಾರ ನೋಡಿಕೊಂಡಳು. ಸರದಾರರ ಒಳಜಗಳದ ನಡುವೆಯೇ ಬೆಳೆದ ಅವನು 1590ರಲ್ಲಿ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಸಂಗೀತ, ಚಿತ್ರಕಲೆ, ಸುಂದರ ಬರಹ ಅವನಿಗೆ ಪ್ರಿಯವಾಗಿದ್ದವು. ದಖನಿ ಭಾಷೆಯಲ್ಲಿ 'ಕಿತಾಬೆ ನವರಸ್' ಎಂಬ ಹಾಡುಗಳ ಗ್ರಂಥ ರಚಿಸಿದನು. ಅದರಲ್ಲಿ ಕಲಬುರಗಿಯ ಗೇಸೂದರಾಜರ ಸ್ಮರಣೆಯೂ ಇದೆ, ಸರಸ್ವತಿಯ ಸ್ಮರಣೆಯೂ ಇದೆ. ಜನ ಅವನನ್ನು ಜಗದ್ಗುರು ಎಂದು ಕರೆದರು.

ಅರಬಿ ಬರಹಕ್ಕೆ ಅಳತೆಯ ಶಿಸ್ತು ಕೊಟ್ಟವರಲ್ಲಿ ಕ್ರಿ.ಶ. 940ರಲ್ಲಿ ತೀರಿಕೊಂಡ ಬಗ್ದಾದಿನ ಇಬ್ನ್ ಮುಖ್ಲ ಪ್ರಮುಖರು. ಓರೆಯಾಗಿ ಕೊಯ್ದ ಜೊಂಡಿನ ಲೇಖನಿ ಇಡುವ ಒಂದು ಚುಕ್ಕೆಯೇ ಅಲ್ಲಿ ಅಳತೆಗೋಲು. ಅಲಿಫ್ ಎಷ್ಟು ಎತ್ತರ, ಬಾ ಎಷ್ಟು ಅಗಲ ಎಂಬುದನ್ನೆಲ್ಲ ಚುಕ್ಕೆಗಳಿಂದಲೇ ಎಣಿಸಬೇಕು. ಶಿಷ್ಯನು ಒಂದೇ ಅಕ್ಷರವನ್ನು ದಿನಗಟ್ಟಲೆ ತಿದ್ದುತ್ತಾನೆ. ಮನಸ್ಸು ಚಂಚಲವಾದರೆ ಕೈ ನಡುಗುತ್ತದೆ, ಗೆರೆ ಕೆಡುತ್ತದೆ. ಆದ್ದರಿಂದಲೇ ವುಝೂ ಮಾಡಿ, ಶಾಂತವಾಗಿ ಕುಳಿತು ಪವಿತ್ರ ಕುರ್‌ಆನಿನ ಸೂಕ್ತಗಳನ್ನು ಬರೆಯುವುದು ಅನೇಕರಿಗೆ ಒಂದು ಧ್ಯಾನವಾಯಿತು.

ಇಂತಹ ಸಾಧನೆಗೆ ಇಬ್ರಾಹೀಮನ ಆಸ್ಥಾನದಲ್ಲಿ ದೊಡ್ಡ ಗೌರವವಿತ್ತು. ಇರಾನಿನಿಂದ ಬಂದ ಖಲೀಲುಲ್ಲಾಹ್ 'ಕಿತಾಬೆ ನವರಸ್'ನ ಸುಂದರ ಪ್ರತಿಯೊಂದನ್ನು ಬರೆದು ಒಪ್ಪಿಸಿದಾಗ ಸುಲ್ತಾನನು 1618ರಲ್ಲಿ ಅವನಿಗೆ 'ಲೇಖನಿಯ ಬಾದಶಹ' ಎಂಬ ಬಿರುದು ಕೊಟ್ಟನು. ಸ್ವತಃ ಬಾದಶಹನಾಗಿದ್ದವನು ಬರಹಗಾರನೊಬ್ಬನನ್ನು ಬಾದಶಹ ಎಂದು ಕರೆದದ್ದು ಸಣ್ಣ ಮಾತಲ್ಲ.

ಇಬ್ರಾಹೀಮನು 1599ರಲ್ಲಿ ನವರಸಪುರ ಎಂಬ ಹೊಸ ನಗರವನ್ನೂ ಕಟ್ಟಲಾರಂಭಿಸಿದ್ದನು. 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಕನಸಿನ ನಗರ ಕಣ್ಣೆದುರೇ ಕುಸಿಯಿತು. ಮೂರು ವರ್ಷಗಳ ನಂತರ, 1627ರಲ್ಲಿ, ಸುಲ್ತಾನನೂ ತೀರಿಕೊಂಡನು. ಪತ್ನಿ ತಾಜ್ ಸುಲ್ತಾನಾಳ ಗೋರಿಯಿರುವ ಕಟ್ಟಡದಲ್ಲೇ ಅವನ ಗೋರಿಯೂ ಇದೆ. ಮಲಿಕ್ ಸಂದಲ್ ಕಟ್ಟಿದ ಈ ರೋಜಾದ ಗೋಡೆಗಳ ಮೇಲೆ ಸಾಲುಸಾಲಾಗಿ ಕುರ್‌ಆನಿನ ಸೂಕ್ತಗಳನ್ನು ಕೆತ್ತಲಾಗಿದೆ. ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲರಿ ಮಾಡಲಾಗಿದ್ದು, ಅವುಗಳ ನಡುವಿನಿಂದ ಬೆಳಕು ಒಳಗೆ ಬರುತ್ತದೆ.

ಆದಿಲ್ ಶಾಹಿ ರಾಜ್ಯ 1686ರಲ್ಲಿ ಮುಗಿಯಿತು. ನಗರ ಹೋಯಿತು, ಸಿಂಹಾಸನ ಹೋಯಿತು, ಅಕ್ಷರ ಮಾತ್ರ ಉಳಿಯಿತು.

ವಿದ್ಯಾರ್ಥಿ ಮಿತ್ರರೇ, ಬೆರಳ ತುದಿಯಲ್ಲಿ ಕ್ಷಣಕ್ಕೆ ನೂರು ಅಕ್ಷರ ಮೂಡಿಸುವ ಕಾಲ ನಮ್ಮದು. ಆದರೂ ದಿನಕ್ಕೆ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು, ಕನ್ನಡವಾಗಲಿ ಅರಬಿಯಾಗಲಿ, ಒಂದು ಸಾಲನ್ನು ನಿಧಾನವಾಗಿ, ಅಂದವಾಗಿ ಬರೆದು ನೋಡಿ. ಅಕ್ಷರ ತಿದ್ದುವ ಕೈ ಮನಸ್ಸನ್ನೂ ತಿದ್ದುತ್ತದೆ.