ಲಕ್ಷ್ಮಣರಾವ್ ಕಿರ್ಲೋಸ್ಕರ್

ನಾವು ಕುಳಿತುಕೊಳ್ಳುವ ಕುರ್ಚಿ, ರೈತನು ಹೂಡುವ ನೇಗಿಲು ಮೊದಲಾದ ವಸ್ತುಗಳು ತಾವಾಗಿಯೇ ಹುಟ್ಟಿದವಲ್ಲ. ಯಾವ ಮರ ಅಥವಾ ಯಾವ ಲೋಹ, ಎಂತಹ ಆಕಾರ, ಯಾರ ಅನುಕೂಲ ಎಂಬ ಪ್ರಶ್ನೆಗಳಿಗೆ ಯಾರೋ ಉತ್ತರ ಹುಡುಕಿದ್ದರ ಫಲವಾಗಿ ಅವು ರೂಪುಗೊಂಡಿವೆ. ಅಂತಹ ಪ್ರಶ್ನೆಗಳಿಗೆ ತಮ್ಮ ಬಾಳನ್ನೇ ಮುಡಿಪಾಗಿಟ್ಟವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಒಬ್ಬರು.

ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರಿಗೆ ಚಿತ್ರಕಲೆಯಲ್ಲಿಯೂ ಯಂತ್ರಗಳಲ್ಲಿಯೂ ಆಸಕ್ತಿಯಿತ್ತು. 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳ ಭೇದವು ತಮ್ಮ ಕಣ್ಣಿಗೆ ಗೋಚರಿಸದೆಂದು ಅಲ್ಲಿ ಅವರಿಗೆ ತಿಳಿಯಿತು. ಅವರು ಧೃತಿಗೆಡದೆ ಬಣ್ಣದ ಹಂಗಿಲ್ಲದ ಯಂತ್ರರೇಖಾಚಿತ್ರವನ್ನು ಕಲಿತರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಬೋಧಿಸಿದರು. ಅರ್ಹತೆಯಿದ್ದರೂ ಬಡ್ತಿಯು ಬೇರೊಬ್ಬರ ಪಾಲಾದಾಗ ಕೆಲಸವನ್ನು ತೊರೆದು ಬೆಳಗಾವಿಗೆ ಹಿಂದಿರುಗಿದರು.

ಅಣ್ಣ ರಾಮಚಂದ್ರರಾಯರೊಡನೆ ಅವರು ಬೆಳಗಾವಿಯಲ್ಲಿ ನಡೆಸಿದ ಸೈಕಲ್ ಅಂಗಡಿಯೇ ಕಿರ್ಲೋಸ್ಕರ್ ಸಹೋದರರ ಉದ್ಯಮಕ್ಕೆ ತಳಹದಿಯಾಯಿತು. ಮುಂದೆ ಚಿಕ್ಕ ಕಾರ್ಖಾನೆಯೊಂದರಲ್ಲಿ ಮೇವು ಕತ್ತರಿಸುವ ಯಂತ್ರವೂ, 1903ರಲ್ಲಿ ಕಬ್ಬಿಣದ ನೇಗಿಲೂ ಸಿದ್ಧವಾದವು.

ಬೆಳಗಾವಿಯ ದಕ್ಷಿಣಕ್ಕಿರುವ ಖಾನಾಪುರದ ಸೀಮೆ ಸಹ್ಯಾದ್ರಿಯ ಕಾಡುಗಳಿಂದ ಕೂಡಿದುದು. ಮರವನ್ನು ನಂಬಿ ಬಾಳಿದ ನಾಡಿನಲ್ಲಿ ನೇಗಿಲನ್ನು ಊರಿನ ಬಡಿಗನು ಮಾಡಿಕೊಡುತ್ತಿದ್ದನು. ಮುರಿದರೆ ಅವನೇ ಸರಿಪಡಿಸುತ್ತಿದ್ದನು. ಸುಗ್ಗಿಯಲ್ಲಿ ಕಾಳನ್ನು ಪಡೆಯುತ್ತಿದ್ದನು. ಹೊಸ ನೇಗಿಲಿಗಾದರೋ ನಗದು ಹಣ ಬೇಕಿತ್ತು. ಕಬ್ಬಿಣವು ಭೂಮಿಗೆ ವಿಷವಾದೀತೆಂದು ರೈತರು ಅಂಜಿದರು. ಮರದ ನೇಗಿಲಿನ ತುದಿಗೂ ಕಬ್ಬಿಣದ ಕುಳವಿದ್ದುದನ್ನು ನೆನೆದರೆ ಆ ಅಂಜಿಕೆ ನಿರಾಧಾರವೇ ಸರಿ. ಆದರೆ ಒಂದು ಬೆಳೆ ಕೈಕೊಟ್ಟರೆ ಉಪವಾಸ ಬೀಳುವ ಬಡವನ ಎಚ್ಚರಿಕೆಯೂ ಅದರಲ್ಲಿ ಅಡಗಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷಗಳೇ ಹಿಡಿದವು. ಕೊಂಡವರು ಮೊನೆ ಬೇಗನೆ ಸವೆಯುವುದೆಂದು ದೂರಿದಾಗ ಲಕ್ಷ್ಮಣರಾಯರು ಅವರನ್ನು ಹಳಿಯದೆ ಎರಕವನ್ನು ಗಟ್ಟಿಗೊಳಿಸಿದರು. ಬಳಸುವವನ ದೂರನ್ನೇ ಅವರು ಪಾಠವೆಂದು ಭಾವಿಸಿದರು.

ಅಷ್ಟರಲ್ಲಿ ಮತ್ತೊಂದು ವಿಪತ್ತು ಒದಗಿತು. ನಗರದ ಹೊಸ ಬಡಾವಣೆಗಾಗಿ ಕಾರ್ಖಾನೆಯ ನೆಲವನ್ನು ತೆರವು ಮಾಡಬೇಕಾಯಿತು. ಆಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲುನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನಿತ್ತು, ಸಾಲವನ್ನೂ ಕೊಟ್ಟರು. 1910ರಲ್ಲಿ ಆ ಪಾಪಾಸುಕಳ್ಳಿಯ ಬಯಲಿನಲ್ಲಿ ಕಿರ್ಲೋಸ್ಕರವಾಡಿಯೆಂಬ ಊರು ತಲೆಯೆತ್ತಿತು. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರನ್ನು ರಾತ್ರಿಯ ಕಾವಲಿಗೆ ನೇಮಿಸಿ, ಅವರಲ್ಲಿ ವಿಶ್ವಾಸವಿಟ್ಟರು. ನೇಗಿಲಿನ ಜೊತೆಗೆ ನೀರೆತ್ತುವ ಪಂಪುಗಳೂ, ಕಾಲಕ್ರಮದಲ್ಲಿ ಲೋಹದ ಪೀಠೋಪಕರಣಗಳೂ ಅಲ್ಲಿ ತಯಾರಾದವು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು. ಬಣ್ಣಗಳನ್ನು ಗುರುತಿಸಲಾರದ ಅವರ ಕಣ್ಣು ವಸ್ತುಗಳ ಗುಣದೋಷಗಳನ್ನು ಚೆನ್ನಾಗಿ ಗುರುತಿಸಿತು. ಹಳೆಯದೆಂದು ಯಾವುದನ್ನೂ ತಿರಸ್ಕರಿಸದೆ, ಹೊಸದೆಂದು ಯಾವುದಕ್ಕೂ ಮರುಳಾಗದೆ, ಪ್ರತಿಯೊಂದನ್ನೂ ವಿಚಾರಿಸಿ ನೋಡುವ ಬುದ್ಧಿಯೇ ಅವರ ಬಾಳು ನಮಗೆ ಕಲಿಸುವ ಪಾಠ.