ಪೆಟ್ಟಿಗೆಯಲ್ಲಿ ವೇಗ ಮಾರಿದ ಕಾರ್ಲೊ ಅಬಾರ್ತ್

1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಾರ್ಲ್ ಅಬಾರ್ತ್ ಹನ್ನೊಂದನೇ ವಯಸ್ಸಿನಲ್ಲಿ ತಮ್ಮ ಮರದ ಸ್ಕೂಟರಿನ ಚಕ್ರಗಳಿಗೆ ಚರ್ಮದ ಪಟ್ಟಿ ಸುತ್ತಿ, ತಮಗಿಂತ ದೊಡ್ಡ ಹುಡುಗರನ್ನು ಓಟದಲ್ಲಿ ಸೋಲಿಸಿದ್ದರಂತೆ. ಮುಂದೆ ಜೀವನಪೂರ್ತಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಬೇರೆಯವರು ತಯಾರಿಸಿದ ವಾಹನವನ್ನು ತಿದ್ದಿ ಇನ್ನಷ್ಟು ವೇಗವಾಗಿ ಓಡಿಸುವುದು.

ಯೌವನದಲ್ಲಿ ಮೋಟಾರ್‌ಸೈಕಲ್ ರೇಸ್‌ನಲ್ಲಿ ಹೆಸರು ಮಾಡಿದರು. 1934ರಲ್ಲಿ ಸೈಡ್‌ಕಾರ್ ಇದ್ದ ಬೈಕಿನಲ್ಲಿ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನೊಂದಿಗೇ ಪೈಪೋಟಿ ನಡೆಸಿ ಗೆದ್ದರು. ಕೆಲ ವರ್ಷಗಳಲ್ಲಿ ಭೀಕರ ಅಪಘಾತವಾಗಿ ಬೈಕ್ ರೇಸ್ ನಿಂತಿತು. ಯುದ್ಧದ ಬಳಿಕ ಇಟಲಿಯಲ್ಲಿ ನೆಲೆಸಿ, 1949ರಲ್ಲಿ ಚೇಳಿನ ಲಾಂಛನದ ತಮ್ಮದೇ ಕಂಪನಿ ಕಟ್ಟಿದರು. ಕಂಪನಿಯನ್ನು ಉಳಿಸಿದ್ದು ಸೈಲೆನ್ಸರ್ ವ್ಯಾಪಾರ. (ಸೈಲೆನ್ಸರ್ ಬದಲಿಸಿ ಬೀದಿಯನ್ನೆಲ್ಲ ಎಬ್ಬಿಸುವ ಗೆಳೆಯರೇ, ಸದ್ದು ಹೆಚ್ಚಿದ ಮಾತ್ರಕ್ಕೆ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ!)

1955ರಲ್ಲಿ ಫಿಯಟ್ 600 ಬಂತು. ಸಾಮಾನ್ಯ ಕುಟುಂಬಗಳ ಕಾರು, 633 ಸಿಸಿ ಎಂಜಿನ್. ಕಾರ್ಖಾನೆಯವರು ಎಂಜಿನ್ನನ್ನು ಒಬ್ಬ ಚಾಲಕನಿಗಾಗಿ ಹೊಂದಿಸುವುದಿಲ್ಲ. ಕಳಪೆ ಪೆಟ್ರೋಲ್, ಚಳಿ, ಸೆಖೆ, ಬೆಟ್ಟದ ರಸ್ತೆ, ಸರ್ವಿಸ್ ಮರೆಯುವ ಮಾಲೀಕ, ಎಲ್ಲವನ್ನೂ ತಾಳಿಕೊಂಡು ಅದು ವರ್ಷಗಟ್ಟಲೆ ಓಡಬೇಕು. ಹಾಗಾಗಿ ಸ್ವಲ್ಪ ಶಕ್ತಿಯನ್ನು ಬಳಸದೇ ಬಿಡುತ್ತಾರೆ. ಅಬಾರ್ತ್ ಕಣ್ಣು ಬಿದ್ದದ್ದು ಅದರ ಮೇಲೆ. ಸಿಲಿಂಡರ್ ಸಾಮರ್ಥ್ಯವನ್ನು 747 ಸಿಸಿಗೆ ಏರಿಸಿ, ಕಾರ್ಬ್ಯುರೇಟರ್, ಎಕ್ಸಾಸ್ಟ್ ಬದಲಿಸಿ ಶಕ್ತಿಯನ್ನು ಸುಮಾರು ಎರಡು ಪಟ್ಟು ಮಾಡಿದರು. ಬೇಕಾದ ಬಿಡಿಭಾಗಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಮನೆಯ ಕಾರನ್ನೇ ರೇಸ್ ಕಾರು ಮಾಡಿಕೊಳ್ಳಬಹುದಿತ್ತು. ಇದು ಪುಕ್ಕಟೆಯ ಲಾಭವೇನಲ್ಲ. ಒತ್ತಡ ಏರಿಸಿದ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ, ಒಳ್ಳೆಯ ಪೆಟ್ರೋಲನ್ನೇ ಕೇಳುತ್ತದೆ.

ತಿದ್ದಿದ ಎಂಜಿನ್ ಬಾಳಿಕೆ ಬಾರದು ಎಂಬ ಅನುಮಾನಕ್ಕೆ ಅವರು 1958ರಲ್ಲಿ ಮೋಂಜಾ ಟ್ರ್ಯಾಕಿನಲ್ಲಿ ಉತ್ತರಿಸಿದರು. ಪುಟ್ಟ ಫಿಯಟ್ 500 ಕಾರ್ಖಾನೆಯಿಂದ ಬಂದಾಗ ಅದರ ಗರಿಷ್ಠ ವೇಗವೇ ಗಂಟೆಗೆ ಸುಮಾರು 85 ಕಿ.ಮೀ. ಅಬಾರ್ತ್ ತಿದ್ದಿದ 500, ಚಾಲಕರು ಬದಲಾಗುತ್ತಾ ಹೋದಂತೆ, ಏಳು ಹಗಲು ಏಳು ರಾತ್ರಿ ಓಡಿ 18,000 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿತು. ಸರಾಸರಿ ವೇಗ ಗಂಟೆಗೆ 108 ಕಿ.ಮೀ! ಫಿಯಟ್ ಕಂಪನಿಗೆ ಸಿಟ್ಟು ಬರಲಿಲ್ಲ. ಪ್ರತಿ ಗೆಲುವಿಗೂ ದಾಖಲೆಗೂ ಅಬಾರ್ತ್‌ಗೆ ಹಣ ಕೊಡಲು ಅದು ಒಪ್ಪಿತು.

1965ರಲ್ಲಿ ಇಕ್ಕಟ್ಟಾದ ದಾಖಲೆ ಕಾರಿನಲ್ಲಿ ಕೂರಲು ಅವರ ಮೈಯೇ ಅಡ್ಡಿಯಾಯಿತು. ಸೇಬು ತಿಂದುಕೊಂಡೇ ಸುಮಾರು 30 ಕಿಲೋ ಇಳಿಸಿ, ಮತ್ತೆ ಮೋಂಜಾಕ್ಕೆ ಹೋಗಿ ದಾಖಲೆ ಬರೆದರು.

1971ರಲ್ಲಿ ಕಂಪನಿಯನ್ನು ಫಿಯಟ್‌ಗೇ ಮಾರಿ, 1979ರಲ್ಲಿ ಹುಟ್ಟೂರು ವಿಯೆನ್ನಾದಲ್ಲಿ ತೀರಿಕೊಂಡರು.